30ಕ್ಕೆ 27 ಅಂಕ, ಸಾರಿಗೆ ಎರಡು ಸಲ ಉಪ್ಪು

ಪ್ರಶ್ನೆ: ನಮ್ಮ ಅತ್ತೆಗೆ 69 ವರ್ಷ. ಹೈಸ್ಕೂಲಿನಲ್ಲಿ ಗಣಿತದ ಟೀಚರ್ ಆಗಿದ್ದವರು. ಒಂದೂವರೆ ವರ್ಷದಿಂದ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಸಾರಿಗೆ ಎರಡು ಸಲ ಉಪ್ಪು ಹಾಕುತ್ತಾರೆ. ಹಾಲಿನವನಿಗೆ ದುಡ್ಡು ಕೊಟ್ಟಿದ್ದು ಮರೆತು ಮತ್ತೆ ಕೊಡಲು ಹೋಗುತ್ತಾರೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ತಾರೀಕು, ಊರು, 100ರಿಂದ 7 ಕಳೆಯುತ್ತಾ ಹೋಗುವುದು ಎಲ್ಲ ಕೇಳಿದರು. 30ಕ್ಕೆ 27 ಬಂತು. ‘ವಯಸ್ಸಾಯ್ತಲ್ಲ, ಏನಿಲ್ಲ’ ಎಂದು ಕಳಿಸಿದರು. ನಮ್ಮ ಯಜಮಾನರೂ ಅದನ್ನೇ ಹೇಳುತ್ತಾರೆ. ಅಮೆರಿಕದಲ್ಲಿರುವ ನಾದಿನಿ ಮಾತ್ರ ‘ಅಮ್ಮ ಮೊದಲಿನ ಹಾಗಿಲ್ಲ’ ಎಂದು ಅಳುತ್ತಾಳೆ. ಮನೆಯವರು ತುಂಬುವ ಒಂದು ಪ್ರಶ್ನಾವಳಿಯನ್ನೂ ಕಳಿಸಿದ್ದಾಳೆ. ನಾನು ಸೊಸೆ. ಜಾಸ್ತಿ ಹೇಳಿದರೆ ಅತ್ತೆ ಮೇಲೆ ದೂರು ಹೇಳಿದ ಹಾಗಾಗುತ್ತದೆ. ಡಿಮೆನ್ಷಿಯಾ ಇದೆಯೋ ಇಲ್ಲವೋ ಎಂದು ಮನೆಯವರು ಪರೀಕ್ಷೆ ಮಾಡಬಹುದಾ? ನಮ್ಮ ಮಾತಿಗೆ ಬೆಲೆ ಇದೆಯಾ?
ದಾವಣಗೆರೆಯ ಓದುಗರೊಬ್ಬರು

ಉತ್ತರ: ಬೆಲೆ ಇದೆ. ಮೊದಲು ಅದನ್ನು ಹೇಳಿಬಿಡುತ್ತೇನೆ. ಮರೆವಿನ ಕಾಯಿಲೆಯವರನ್ನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಅವರು ನನ್ನ ಎದುರು ಕೂರುವುದು ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ನನಗೆ ಕಾಣುವುದು ಸ್ವಲ್ಪ. ಉಳಿದದ್ದು ಕಾಣಬೇಕಾದರೆ ಜೊತೆಯಲ್ಲಿ ಬಂದವರು ಬಾಯಿ ಬಿಡಬೇಕು. ಯಾರೂ ಜೊತೆಗೆ ಬಾರದೆ ಒಬ್ಬರೇ ಬಂದ ವಯಸ್ಸಾದವರ ವಿಷಯದಲ್ಲಿ ನಾನು ಯಾವ ತೀರ್ಮಾನಕ್ಕೂ ಬರುವುದಿಲ್ಲ. ಮನೆಯಿಂದ ಒಬ್ಬರನ್ನು ಕರೆಸಿಯೇ ಮುಂದಿನ ಮಾತು.

ನಿಮ್ಮನ್ನು ಗೊಂದಲಕ್ಕೆ ಹಾಕಿರುವುದು ಆ 27 ಅಂಕ. ಡಾಕ್ಟರು ಹಾಕಿದ ಅಂಕವೂ ಸರಿ, ನೀವು ಅಡುಗೆಮನೆಯಲ್ಲಿ ಕಂಡಿದ್ದೂ ಸರಿ. ಎರಡೂ ಒಟ್ಟಿಗೆ ನಿಜ ಆಗಬಹುದು. ಹೇಗೆ ಅಂತ ಹೇಳುತ್ತೇನೆ.

ಅವರು ಮಾಡಿದ್ದು ಬಹುಶಃ ಎಂಎಂಎಸ್‌ಇ ಎನ್ನುವ ಪರೀಕ್ಷೆ. 1975ರಲ್ಲಿ ಅಮೆರಿಕದಲ್ಲಿ ತಯಾರಾಗಿದ್ದು. ಒಟ್ಟು 30 ಅಂಕ. ಇವತ್ತು ಯಾವ ವಾರ, ಇದು ಯಾವ ಊರು, ಮೂರು ಪದ ಹೇಳುತ್ತೇನೆ ನೆನಪಿಟ್ಟುಕೊಳ್ಳಿ, 100ರಿಂದ 7 ಕಳೆಯಿರಿ, ಈ ಚಿತ್ರ ನೋಡಿ ಬರೆಯಿರಿ, ಹೀಗೆ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಒಳ್ಳೆಯ ಪರೀಕ್ಷೆಯೇ. ಆದರೆ ನಿಮ್ಮ ಅತ್ತೆ ಗಣಿತದ ಟೀಚರ್. 93, 86, 79, 72 ಎಂದು ನಿದ್ದೆಯಲ್ಲೂ ಹೇಳಿಯಾರು. ವರ್ಷಗಟ್ಟಲೆ ಓದಿ ಬರೆದು ಪಾಠ ಮಾಡಿದವರ ಮಿದುಳಿನಲ್ಲಿ ಒಂದು ರೀತಿಯ ಉಳಿತಾಯ ಇರುತ್ತದೆ. ಕಾಯಿಲೆ ಒಳಗೆ ಶುರುವಾಗಿದ್ದರೂ ಆ ಉಳಿತಾಯ ಖರ್ಚಾಗುವ ತನಕ ಪರೀಕ್ಷೆಯಲ್ಲಿ ಅಂಕ ಬರುತ್ತಲೇ ಇರುತ್ತದೆ. ಎರಡು ವರ್ಷದ ಹಿಂದೆ ಇದೇ ಪರೀಕ್ಷೆ ಮಾಡಿದ್ದರೆ ಅವರು 30ಕ್ಕೆ 30 ತೆಗೆಯುತ್ತಿದ್ದರೇನೋ. ಆ ಮೂರು ಅಂಕ ಎಲ್ಲಿ ಹೋಯಿತು ಎಂದು ಕೇಳಬೇಕಿತ್ತು. ನೆನಪಿಟ್ಟುಕೊಳ್ಳಿ ಎಂದ ಆ ಮೂರು ಪದಗಳಲ್ಲೇ ಹೋಗಿದ್ದರೆ ನನಗೆ ಕಿವಿ ನೆಟ್ಟಗಾಗುತ್ತದೆ.

ಇದರ ಉಲ್ಟಾ ಕೂಡ ನೋಡಿದ್ದೇನೆ. ಶಾಲೆ ಮೆಟ್ಟಿಲೇ ಹತ್ತದ ಅಜ್ಜಿಯೊಬ್ಬರು. ಪರೀಕ್ಷೆಯಲ್ಲಿ 19 ಬಂದಿತ್ತು. ಮಗ ಗಾಬರಿಯಿಂದ ಕರೆತಂದಿದ್ದ. ಮಾತಾಡಿಸಿದರೆ ಯಾವ ಹಸು ಯಾವಾಗ ಕರು ಹಾಕಿತು, ಡೈರಿಯವರು ಎಷ್ಟು ಬಾಕಿ, ಸಂಘದ ಸಾಲದ ಕಂತು ಇನ್ನೆಷ್ಟು, ಎಲ್ಲ ನಾಲಿಗೆ ತುದಿಯಲ್ಲಿ. ಅವರಿಗೆ ಕಾಯಿಲೆ ಇರಲಿಲ್ಲ. ಓದು ಇರಲಿಲ್ಲ, ಅಷ್ಟೆ. ಇಂಥವರಿಗಾಗಿಯೇ 1990ರ ದಶಕದಲ್ಲಿ ಹರಿಯಾಣದ ಬಲ್ಲಭ್‌ಗಢದ ಹಳ್ಳಿಗಳಲ್ಲಿ ಕೆಲಸ ಮಾಡಿದ ತಂಡ ಆ ಪರೀಕ್ಷೆಯನ್ನು ಓದು ಬಾರದವರಿಗೂ ಹೊಂದುವ ಹಾಗೆ ಹಿಂದಿಯಲ್ಲಿ ತಿದ್ದಿತು. ಅದೇ ತಂಡ ಮನೆಯವರನ್ನು ಕೇಳುವ ಪ್ರಶ್ನೆಗಳನ್ನೂ ಬೇರೆಯಾಗಿ ಮಾಡಿತು. ಹಬ್ಬ ಯಾವಾಗ ಎಂದು ನೆನಪಿದೆಯಾ, ಊರೊಳಗೆ ದಾರಿ ತಪ್ಪುತ್ತಾರಾ, ಮನೆಯ ದೊಡ್ಡ ವಿಷಯ ಬಂದಾಗ ತಮ್ಮ ಅಭಿಪ್ರಾಯ ಹೇಳುತ್ತಾರಾ, ಈ ಥರದ್ದು. ಇದಕ್ಕೆಲ್ಲ ಅಕ್ಷರ ಬೇಕಿಲ್ಲ. ಜೊತೆಗಿರುವವರ ಕಣ್ಣು ಸಾಕು.

ಡಾಕ್ಟರ ಪರೀಕ್ಷೆ ನಿಮ್ಮ ಅತ್ತೆಯನ್ನು ಅದೇ ವಯಸ್ಸಿನ ಬೇರೆಯವರ ಪಕ್ಕ ನಿಲ್ಲಿಸಿ ನೋಡುತ್ತದೆ. ನೀವು ಅವರನ್ನು ಅವರದೇ ಹಳೆಯ ದಿನಗಳ ಪಕ್ಕ ನಿಲ್ಲಿಸಿ ನೋಡುತ್ತೀರಿ. ಡಿಮೆನ್ಷಿಯಾ ಅಂದರೆ ಇದ್ದದ್ದು ಇಳಿಯುತ್ತಾ ಹೋಗುವುದು. ಮೊದಲು ಎಷ್ಟಿತ್ತು ಎನ್ನುವುದು ಗೊತ್ತಿಲ್ಲದೆ ಇಳಿದಿದೆ ಎಂದು ಹೇಳುವುದು ಹೇಗೆ? ಆ ‘ಮೊದಲು’ ನಿಮ್ಮ ಮನೆಯಲ್ಲಿದೆ, ನಮ್ಮ ಆಸ್ಪತ್ರೆಯಲ್ಲಿಲ್ಲ.

ಡಿಮೆನ್ಷಿಯಾದ ಒಂದು ಬಗೆಯಾದ ಆಲ್ಝೈಮರ್ ಕಾಯಿಲೆ ಮೊದಲು ಕಂಡ ದಿನದಿಂದಲೂ ಇದು ಹೀಗೇ. 1901ರ ನವೆಂಬರ್‌ನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ 51 ವರ್ಷದ ಆಗುಸ್ಟೆ ಡೆಟರ್ ಎಂಬ ಹೆಂಗಸನ್ನು ಆಸ್ಪತ್ರೆಗೆ ಸೇರಿಸಿದರು. ಗಂಡ ರೈಲ್ವೆಯಲ್ಲಿ ಗುಮಾಸ್ತ. ಸುಮ್ಮಸುಮ್ನೆ ನನ್ನ ಮೇಲೆ ಅನುಮಾನ ಪಡುತ್ತಾಳೆ, ಅಡುಗೆ ಮಾಡುವಾಗ ತಪ್ಪು ಮಾಡುತ್ತಾಳೆ, ಸಾಮಾನು ಬಚ್ಚಿಡುತ್ತಾಳೆ ಎಂದು ಹೇಳಿದ್ದು ಅವನು. ಅಲ್ಲಿನ ಡಾಕ್ಟರ್ ಅಲೋಯಿಸ್ ಆಲ್ಝೈಮರ್ ಅದನ್ನೆಲ್ಲ ಬರೆದುಕೊಂಡರು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮಿದುಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಲೋಕಕ್ಕೆ ಹೇಳಿದರು. ಮೈಕ್ರೋಸ್ಕೋಪಿಗಿಂತ ಎಷ್ಟೋ ವರ್ಷ ಮೊದಲೇ ಅಡುಗೆಯ ತಪ್ಪು ಕಂಡಿದ್ದು ಮನೆಯವರಿಗೆ. ನಿಮಗೆ ಕಂಡ ಉಪ್ಪಿನ ಹಾಗೆಯೇ.

ಈಗ ನಿಮ್ಮ ನಾದಿನಿ ಕಳಿಸಿದ ಪ್ರಶ್ನಾವಳಿ. ಯಾವುದೆಂದು ನೀವು ಬರೆದಿಲ್ಲ. ಎರಡು ಜಾಸ್ತಿ ಬಳಕೆಯಲ್ಲಿವೆ. ಒಂದು ಐಕ್ಯೂಕೋಡ್. 1989ರಲ್ಲಿ ಆಸ್ಟ್ರೇಲಿಯಾದಲ್ಲಿ ಮಾಡಿದ್ದು. 26 ಪ್ರಶ್ನೆ, 16 ಪ್ರಶ್ನೆಯ ಚಿಕ್ಕ ರೂಪವೂ ಇದೆ. ಹತ್ತು ವರ್ಷದ ಹಿಂದೆ ಇದ್ದದ್ದಕ್ಕೆ ಹೋಲಿಸಿದರೆ ಈಗ ಹೇಗಿದ್ದಾರೆ ಎಂದು ಪ್ರತಿ ಪ್ರಶ್ನೆಗೂ 1ರಿಂದ 5ರವರೆಗೆ ಗುರುತು ಹಾಕಬೇಕು. 3 ಅಂದರೆ ಏನೂ ಬದಲಾಗಿಲ್ಲ, 5 ಅಂದರೆ ತುಂಬ ಕೆಟ್ಟಿದೆ. ಇನ್ನೊಂದು ಎಡಿ8. 2005ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಮಾಡಿದ್ದು. ಎಂಟೇ ಪ್ರಶ್ನೆ, ಹೌದು ಅಥವಾ ಇಲ್ಲ. ಎರಡು ಅಥವಾ ಅದಕ್ಕಿಂತ ಜಾಸ್ತಿ ‘ಹೌದು’ ಬಂದರೆ ಡಾಕ್ಟರಿಗೆ ತೋರಿಸಿ ಎಂದರ್ಥ. ಕಾಯಿಲೆ ಇದೆ ಎಂದು ಅರ್ಥ ಅಲ್ಲ. ಇದನ್ನು ನಾದಿನಿಗೂ ಹೇಳಿ, ಅಲ್ಲಿ ಕೂತು ಅಳುವುದು ಸ್ವಲ್ಪ ಕಡಿಮೆಯಾದೀತು.

ತುಂಬುವಾಗ ಎಲ್ಲರೂ ಎಡವುವ ಜಾಗ ಒಂದಿದೆ. ‘ಬ್ಯಾಂಕಿನ ಲೆಕ್ಕ ನೋಡಿಕೊಳ್ಳಲು ಕಷ್ಟವಾಗುತ್ತಿದೆಯಾ’ ಎಂದು ಇದ್ದರೆ, ‘ನಮ್ಮಮ್ಮ ಬ್ಯಾಂಕಿಗೆ ಹೋದವರೇ ಅಲ್ಲ’ ಎಂದು ಹೌದು ಹಾಕಿಬಿಡುತ್ತಾರೆ. ಅದು ತಪ್ಪು. ಮೊದಲು ಬರುತ್ತಿದ್ದು ಈಗ ಬಾರದಿದ್ದರೆ ಮಾತ್ರ ಹೌದು. ಮೊಣಕಾಲು ನೋವಿಗೆ, ಕಣ್ಣಿನ ಪೊರೆಗೆ ಬಿಟ್ಟ ಕೆಲಸವೂ ಲೆಕ್ಕಕ್ಕಿಲ್ಲ. ತಲೆಯಿಂದಾಗಿ ಬಿಟ್ಟದ್ದು ಮಾತ್ರ. ಇದನ್ನು ಬಿಡಿಸಿ ನೋಡುವುದು ಎಷ್ಟು ಕಷ್ಟ ಎನ್ನುವುದಕ್ಕೆ ಒಂದು ಸಂಗತಿ ಹೇಳುತ್ತೇನೆ.

72 ವರ್ಷದ ಒಬ್ಬರು. ಧನುರ್ಮಾಸ ಬಂದರೆ ಬೆಳಗಿನ ಜಾವ ಎದ್ದು ಬಾಗಿಲಿಗೆ ದೊಡ್ಡ ದೊಡ್ಡ ಚುಕ್ಕಿ ರಂಗೋಲಿ ಹಾಕುತ್ತಿದ್ದವರು. ಬೀದಿಯವರೆಲ್ಲ ನಿಂತು ನೋಡುವ ಹಾಗೆ. ಎರಡು ವರ್ಷದಿಂದ ಬಿಟ್ಟುಬಿಟ್ಟಿದ್ದಾರೆ, ಬಗ್ಗಲು ಆಗುವುದಿಲ್ಲ ಪಾಪ ಎಂದು ಮಗ ಹೇಳಿದ. ನನಗೂ ಸರಿ ಅನ್ನಿಸಿತು. ಬಾಗಿಲ ಹತ್ತಿರ ನಿಂತಿದ್ದ ಮೊಮ್ಮಗಳು, ಪಿಯುಸಿ ಓದುವ ಹುಡುಗಿ, ‘ಇಲ್ಲ ಡಾಕ್ಟ್ರೆ, ಅಜ್ಜಿ ಕೂತ್ಕೊಂಡು ಹಾಕ್ತಾರೆ, ಆದ್ರೆ ಸೇರ್ಸಕ್ಕೆ ಬರಲ್ಲ’ ಎಂದಳು. ಅವಳ ಫೋನಿನಲ್ಲಿ ಫೋಟೋ ಇದ್ದವು. ಮೂರು ವರ್ಷದ ಹಿಂದಿನದು ಹದಿನೈದು ಚುಕ್ಕಿಯಿಂದ ಶುರುವಾಗಿ ಎರಡೂ ಕಡೆ ಒಂದೊಂದೇ ಇಳಿಯುವ ಎಳೆ ರಂಗೋಲಿ. ಒಂದು ಎಳೆಯೂ ತಪ್ಪಿಲ್ಲ. ಅದರ ಮುಂದಿನ ವರ್ಷದ್ದು ಏಳು ಚುಕ್ಕಿ. ಆಮೇಲಿನದು ಒಂದು ನಕ್ಷತ್ರ. ಅದರಲ್ಲೂ ಒಂದು ಮೂಲೆ ಬಾಯಿ ಬಿಟ್ಟುಕೊಂಡಿತ್ತು, ಗೆರೆ ಎಲ್ಲಿಗೆ ಬಂದು ಸೇರಬೇಕೋ ಅಲ್ಲಿಗೆ ಬಂದಿರಲಿಲ್ಲ. ಆಕಾರ, ದಿಕ್ಕು, ಅಳತೆ ತಿಳಿಯುವ ಮಿದುಳಿನ ಭಾಗ ಸೋಲುತ್ತಾ ಬಂದದ್ದು ನೆಲದ ಮೇಲೆ ಬಿಳಿ ಪುಡಿಯಲ್ಲಿ ಹಾಗೇ ಬಿದ್ದಿತ್ತು. ಅಷ್ಟು ಚೆನ್ನಾಗಿ ನನ್ನ ಯಾವ ಪೇಪರ್ ಪರೀಕ್ಷೆಯೂ ತೋರಿಸುತ್ತಿರಲಿಲ್ಲ. ಅದೇ ಅಜ್ಜಿ ಹೂ ಮಾತ್ರ ಸರಾಗವಾಗಿ ಕಟ್ಟುತ್ತಿದ್ದರು. ಕೈಗೆ ರೂಢಿಯಾದದ್ದು ಬಹಳ ಕಾಲ ಉಳಿಯುತ್ತದೆ. ಯೋಚಿಸಿ, ಲೆಕ್ಕ ಹಾಕಿ, ಹೆಜ್ಜೆ ಹೆಜ್ಜೆಯಾಗಿ ಮಾಡಬೇಕಾದದ್ದು ಮೊದಲು ಹೋಗುತ್ತದೆ. ‘ಹೂ ಕಟ್ತಾರಲ್ಲ, ದೇವರನಾಮ ಪೂರ್ತಿ ಹೇಳ್ತಾರಲ್ಲ, ಮತ್ತೇನು ಮರೆವು’ ಎಂದು ಮೋಸ ಹೋಗುವುದು ಇಲ್ಲೇ.

ಹಳೆಯದು ನೆನಪಿರುವುದೂ ಹಾಗೇ. ‘ಮದುವೆಯಲ್ಲಿ ಯಾರ್ಯಾರು ಏನೇನು ಉಡುಗೊರೆ ಕೊಟ್ಟರು ಎಲ್ಲ ಹೇಳ್ತಾರೆ’ ಎಂದು ಮನೆಯವರು ಸಮಾಧಾನ ಪಟ್ಟುಕೊಳ್ಳುತ್ತಾರೆ. ಐವತ್ತು ವರ್ಷದ ಹಿಂದಿನದು ಗಟ್ಟಿಯಾಗಿ ಕೂತಿರುತ್ತದೆ. ನೋಡಬೇಕಾದದ್ದು ಹೊಸದು ಒಳಗೆ ಹೋಗುತ್ತಿದೆಯಾ ಎನ್ನುವುದನ್ನು. ನಿನ್ನೆ ಬಂದುಹೋದ ನೆಂಟರು, ಬೆಳಗ್ಗೆ ಹೇಳಿದ ಸುದ್ದಿ, ಹೊಸ ಕುಕ್ಕರಿನ ಮುಚ್ಚಳ ಹಾಕುವ ರೀತಿ.

ವಯಸ್ಸಿನ ಮರೆವು ಇದೆ, ಇಲ್ಲ ಎಂದು ಹೇಳುತ್ತಿಲ್ಲ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುತ್ತೇವೆ. ಗುರುತಿನವರ ಹೆಸರು ಬಾಯಿಗೆ ಬಾರದೆ ಸಂಜೆ ಥಟ್ಟನೆ ಹೊಳೆಯುತ್ತದೆ. ನೆನಪು ಮಾಡಿಕೊಟ್ಟರೆ ‘ಹೌದಲ್ವಾ’ ಎನ್ನುತ್ತೇವೆ. ಅದಕ್ಕೆ ಹೆದರಬೇಕಿಲ್ಲ. ಹಾಲಿನ ದುಡ್ಡು ಕೊಟ್ಟಿದ್ದೀರಿ ಎಂದು ನೆನಪು ಮಾಡಿದರೂ ಆ ಘಟನೆಯೇ ನಡೆದಿಲ್ಲ ಎನ್ನುವ ಹಾಗೆ ಮುಖ ನೋಡಿದರೆ, ಅದು ಬೇರೆ. ಅರವತ್ತಕ್ಕೆ ಅರಳುಮರಳು ಎಂಬ ಗಾದೆ ನಮ್ಮಲ್ಲಿ ಎಷ್ಟೋ ಜನರ ಚಿಕಿತ್ಸೆಯನ್ನು ವರ್ಷಗಟ್ಟಲೆ ತಡ ಮಾಡಿದೆ. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ 7.4 ಶೇಕಡಾ ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. ನೂರರಲ್ಲಿ ಏಳೆಂಟು. ಉಳಿದ ತೊಂಬತ್ತೆರಡು ಚಿಲ್ಲರೆ ಜನಕ್ಕೆ ಅರವತ್ತು ದಾಟಿದರೂ ಇಲ್ಲ. ಹಾಗಿರುವಾಗ ಅದನ್ನು ವಯಸ್ಸಿನ ಸಹಜ ಗುಣ ಎನ್ನಲು ಹೇಗಾಗುತ್ತದೆ?

ನಮ್ಮ ಮನೆಗಳ ಪ್ರೀತಿಯೇ ಇದನ್ನು ಮುಚ್ಚಿಡುತ್ತದೆ. ನನ್ನನ್ನು ಹೆಚ್ಚು ಕಾಡುವ ವಿಷಯ ಇದು, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅತ್ತೆ ಸಾರು ಕೆಡಿಸಿದರೆ ಸೊಸೆ ಸುಮ್ಮನೆ ನೀರು ಬೆರೆಸಿ ಸರಿ ಮಾಡುತ್ತಾಳೆ. ಮಾವ ಲೆಕ್ಕ ತಪ್ಪಿದರೆ ಮಗ ಬ್ಯಾಂಕಿನ ಕೆಲಸ ತಾನೇ ತೆಗೆದುಕೊಳ್ಳುತ್ತಾನೆ. ‘ನೀವು ಕೂತ್ಕೊಳಿ ಅಮ್ಮ, ಎಷ್ಟು ದಿನ ದುಡೀತೀರ’ ಎನ್ನುತ್ತೇವೆ. ಒಂದೊಂದೇ ಕೆಲಸ ಅವರ ಕೈಯಿಂದ ಜಾರಿ ನಮ್ಮ ಕೈಗೆ ಬರುತ್ತದೆ. ಯಾರೂ ಗಮನಿಸುವುದಿಲ್ಲ. ಒಂದು ದಿನ ಡಾಕ್ಟರು ‘ಮನೆ ಕೆಲಸದಲ್ಲಿ ತೊಂದರೆ ಇದೆಯಾ’ ಎಂದು ಕೇಳಿದರೆ ‘ಏನೂ ಇಲ್ಲ’ ಎನ್ನುತ್ತೇವೆ. ಕೆಲಸವೇ ಇಲ್ಲದ ಮೇಲೆ ತೊಂದರೆ ಎಲ್ಲಿಂದ ಬರಬೇಕು? ಹಾಗಾಗಿ ನಾನು ಕೇಳುವ ಪ್ರಶ್ನೆ ಬೇರೆ. ಮೂರು ವರ್ಷದ ಹಿಂದೆ ಅವರು ಮಾಡುತ್ತಿದ್ದು, ಈಗ ನೀವು ಮಾಡುತ್ತಿರುವ ಕೆಲಸ ಯಾವುದು? ಯಾವಾಗ ನಿಮ್ಮ ಕೈಗೆ ಬಂತು? ಯಾಕೆ ಬಂತು? ಇಷ್ಟು ಕೇಳಿದರೆ ಸಾಕು, ಜೊತೆಗೆ ಬಂದವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಆಮೇಲೆ ಮಾತು ಬರುತ್ತದೆ. ನೀವೂ ಇವತ್ತು ರಾತ್ರಿ ಈ ಮೂರು ಪ್ರಶ್ನೆಗೆ ಉತ್ತರ ಬರೆದು ನೋಡಿ.

ಮನೆಯಲ್ಲಿ ಮೂವರು ಮೂರು ಥರ ಹೇಳುತ್ತಿದ್ದಾರಲ್ಲ, ಅದರ ಬಗ್ಗೆ. ನಿಮ್ಮ ಯಜಮಾನರು ಸುಳ್ಳು ಹೇಳುತ್ತಿಲ್ಲ. ಬೆಳಗ್ಗೆ ಹೋಗಿ ರಾತ್ರಿ ಬರುವ ಮಗನಿಗೆ ಅಮ್ಮ ಕಾಣುವುದು ಊಟದ ಹೊತ್ತು, ‘ಊಟ ಆಯ್ತಾ ಕಂದ’ ಎನ್ನುವಷ್ಟು. ಆ ಮಾತು ಬಹಳ ಕಾಲ ಕೆಡುವುದಿಲ್ಲ. ಜೊತೆಗೆ ಅಮ್ಮನಿಗೆ ಹೀಗಾಗಿದೆ ಎಂದು ಒಪ್ಪಿಕೊಳ್ಳುವುದು ಮಗನಿಗೆ ನಿಮಗಿಂತ ಕಷ್ಟ. ನಾದಿನಿ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬರುವವಳು. ದಿನಾ ನೋಡುವವರಿಗೆ ಕಾಣದ ಇಳಿಜಾರು ಅವಳಿಗೆ ಬಾಗಿಲಲ್ಲೇ ಕಾಣುತ್ತದೆ. ಆದರೆ ದೂರ ಇದ್ದೇನೆ ಎಂಬ ಸಂಕಟವೂ ಸೇರಿ ಸ್ವಲ್ಪ ದೊಡ್ಡದಾಗಿ ಕಾಣಬಹುದು. ನೀವು ದಿನವಿಡೀ ಇರುವವರು. ವಿವರ ಎಲ್ಲ ನಿಮ್ಮ ಹತ್ತಿರ ಇದೆ. ಆದರೆ ದಣಿವೂ ನಿಮ್ಮ ಹತ್ತಿರವೇ ಇದೆ. ನೋಡಿಕೊಳ್ಳುವವರು ಬೇಸರ, ಖಿನ್ನತೆಯಲ್ಲಿದ್ದರೆ ಈ ಪ್ರಶ್ನಾವಳಿಗಳಲ್ಲಿ ಗುರುತುಗಳು ಜಾಸ್ತಿ ಕಡೆಗೆ ವಾಲುತ್ತವೆ ಎಂದು ಅಧ್ಯಯನಗಳಲ್ಲೂ ಕಂಡಿದೆ. ಅದು ನಿಮ್ಮ ತಪ್ಪಲ್ಲ. ಹಾಗಾಗಿ ಮೂವರೂ ಬೇರೆ ಬೇರೆ ಕೂತು, ಒಬ್ಬರದನ್ನು ಒಬ್ಬರು ನೋಡದೆ ತುಂಬಿ. ಮೂರನ್ನೂ ಡಾಕ್ಟರಿಗೆ ಕೊಡಿ. ಎಲ್ಲಿ ಮೂವರೂ ಒಂದೇ ಹೇಳುತ್ತೀರೋ ಅಲ್ಲಿಂದ ನಾವು ಶುರು ಮಾಡುತ್ತೇವೆ.

ಸೊಸೆ ಹೇಳಿದರೆ ದೂರಾಗುತ್ತದೆ ಎಂಬ ನಿಮ್ಮ ಅಳುಕು ನನಗೆ ಅರ್ಥವಾಗುತ್ತದೆ. ನನ್ನ ಮುಂದೆ ಕೂತು ಎಷ್ಟೋ ಸೊಸೆಯರು ಗಂಡನ ಮುಖ ನೋಡಿ ಮಾತು ನುಂಗಿದ್ದಾರೆ. ಕೆಲವರು ಹೊರಗೆ ಹೋಗುವಾಗ ಚೀಟಿ ಕೊಟ್ಟು ಹೋಗಿದ್ದಾರೆ. ಅದಕ್ಕೆ ನನಗೆ ಗೊತ್ತಿರುವ ಉಪಾಯ ಒಂದೇ. ಅಭಿಪ್ರಾಯ ಹೇಳಬೇಡಿ, ನಡೆದದ್ದು ಹೇಳಿ. ‘ಅತ್ತೆ ಏನೂ ನೆನಪಿಟ್ಟುಕೊಳ್ಳಲ್ಲ’ ಎಂದರೆ ಅದು ದೂರು. ‘ಸೋಮವಾರ ಬೆಳಗ್ಗೆ 8 ಗಂಟೆಗೆ ಹಾಲಿನವನಿಗೆ 1,400 ರೂಪಾಯಿ ಕೊಟ್ಟರು, 11 ಗಂಟೆಗೆ ಪರ್ಸ್ ಹಿಡಿದು ಹಾಲಿನವನು ಇನ್ನೂ ಬಂದಿಲ್ಲವಲ್ಲ ಎಂದು ಕೇಳಿದರು, ಕೊಟ್ಟಿದ್ದೀರಿ ಅಂದರೆ ನಂಬಲಿಲ್ಲ’ ಎಂದರೆ ಅದು ಮಾಹಿತಿ. ಒಂದು ನೋಟ್‌ಬುಕ್ ಇಡಿ. ದಿನ, ಹೊತ್ತು, ಏನಾಯಿತು, ನೆನಪು ಮಾಡಿಕೊಟ್ಟಾಗ ಏನು ಹೇಳಿದರು. ಮೂರು ವಾರ ಬರೆದರೆ ಸಾಕು. ಚೆನ್ನಾಗಿದ್ದ ದಿನವನ್ನೂ ಬರೆಯಿರಿ, ಅದು ಬಹಳ ಮುಖ್ಯ. ಒಂದು ದಿನ ಪೂರ್ತಿ ಚುರುಕು, ಮರುದಿನ ಪೂರ್ತಿ ಮಂಕು, ಜೊತೆಗೆ ಇಲ್ಲದ ಮಕ್ಕಳೋ ಪ್ರಾಣಿಯೋ ಕಾಣುತ್ತದೆ ಎನ್ನುವುದು, ನಿದ್ದೆಯಲ್ಲಿ ಕೂಗಿ ಕೈಕಾಲು ಬೀಸುವುದು ಇದ್ದರೆ ನಮಗೆ ಬೇರೆಯೇ ಥರದ ಡಿಮೆನ್ಷಿಯಾದ ಸುಳಿವು ಸಿಗುತ್ತದೆ. ಅಂಥವರಿಗೆ ಕೆಲವು ಔಷಧಿ ಕೊಡುವಾಗ ತುಂಬ ಎಚ್ಚರ ಬೇಕು. ರಾತ್ರಿ ಮಲಗಿದಾಗ ಏನಾಗುತ್ತದೆ ಎಂದು ನನಗೆ ಹೇಳಬಲ್ಲವರು ಮಾವನವರು ಮಾತ್ರ, ಅವರಿದ್ದರೆ ಅವರನ್ನೂ ಕೇಳಿ.

ನೆನಪೇ ಕೆಡಬೇಕು ಅಂತೇನೂ ಇಲ್ಲ. ಕೆಲವರಲ್ಲಿ ಗುಣ ಮೊದಲು ಬದಲಾಗುತ್ತದೆ. ಜೀವನವೆಲ್ಲ ಮೆತ್ತಗೆ ಮಾತಾಡಿದವರು ಅಂಗಡಿಯಲ್ಲಿ ಒರಟಾಗಿ ನಡೆದುಕೊಳ್ಳುತ್ತಾರೆ, ಸಾವಿನ ಮನೆಯಲ್ಲಿ ನಗುತ್ತಾರೆ, ಸಿಹಿ ಕಂಡರೆ ಬಿಡುವುದಿಲ್ಲ. ಇವರಿಗೆ ನೆನಪಿನ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬರುತ್ತದೆ. ಮನೆಯವರು ಹೇಳದಿದ್ದರೆ ನಾವು ಹಿಡಿಯಲು ಸಾಧ್ಯವೇ ಇಲ್ಲ.

ಮಾಡಬಾರದ ಒಂದು ಕೆಲಸ ಇದೆ, ದಯವಿಟ್ಟು ಕೇಳಿ. ಮನೆಯಲ್ಲಿ ಅವರನ್ನು ಕೂರಿಸಿಕೊಂಡು ಪ್ರಶ್ನೆ ಕೇಳಬೇಡಿ. ‘ಇವತ್ತು ಯಾವ ವಾರ ಹೇಳಿ’, ‘ಇವನು ಯಾರು ಗೊತ್ತಾಯ್ತಾ’, ‘ನಿನ್ನೆ ಏನು ತಿಂದ್ರಿ’ ಎಂದು ನೆಂಟರ ಮುಂದೆ ಕೇಳುವುದನ್ನು ನೋಡಿದ್ದೇನೆ. ಮಕ್ಕಳೂ ಆಟದ ಹಾಗೆ ಕೇಳುತ್ತಾರೆ. ಮರೆತದ್ದು ಅವರಿಗೆ ಗೊತ್ತಾಗುತ್ತದೆ, ಅವಮಾನ ಆಗುತ್ತದೆ. ಆಮೇಲೆ ಮುಚ್ಚಿಡಲು ಕಲಿಯುತ್ತಾರೆ, ಜನರ ಜೊತೆ ಕೂರುವುದನ್ನೇ ಬಿಡುತ್ತಾರೆ. ಮನೆಯವರ ಕೆಲಸ ನೋಡುವುದು, ಬರೆದುಕೊಳ್ಳುವುದು. ಪ್ರಶ್ನೆ ಕೇಳುವುದನ್ನು ನಮಗೆ ಬಿಡಿ. ಅವರಿಗೆ ಗೊತ್ತಾಗದ ಹಾಗೆ ವಿಡಿಯೋ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕುವುದಂತೂ ಬೇಡವೇ ಬೇಡ.

ಡಾಕ್ಟರ ಕೋಣೆಯಲ್ಲೂ ನಿಮಗೆ ಒಂದು ಕೆಲಸ ಇದೆ. ನಾನು ‘ಬೆಳಗ್ಗೆ ತಿಂಡಿ ಏನು ತಿಂದಿರಿ ಅಮ್ಮ’ ಎಂದು ಕೇಳುತ್ತೇನೆ. ಅವರು ನಗುತ್ತಾರೆ, ಕತ್ತು ತಿರುಗಿಸಿ ಮಗಳ ಕಡೆ ನೋಡುತ್ತಾರೆ. ‘ಹೇಳೇ, ಏನು ಮಾಡಿದ್ವಿ?’ ಹಾಗೆ ಕತ್ತು ತಿರುಗಿಸುವುದೇ ನಮಗೆ ಒಂದು ಲಕ್ಷಣ. ಬೇರೆ ಕಾರಣಕ್ಕೆ ಮರೆಯುವವರಿಗಿಂತ ಡಿಮೆನ್ಷಿಯಾ ಇರುವವರಲ್ಲಿ ಅದು ಜಾಸ್ತಿ ಕಾಣುತ್ತದೆ. ಆದರೆ ಮಗಳು ಪ್ರೀತಿಯಿಂದ ‘ಉಪ್ಪಿಟ್ಟು’ ಎಂದು ಹೇಳಿಬಿಡುತ್ತಾಳೆ. ಅಲ್ಲಿಗೆ ನಾನು ನೋಡಬೇಕಾದದ್ದು ತಪ್ಪಿಹೋಯಿತು. ಆ ಹೊತ್ತಿನಲ್ಲಿ ಸುಮ್ಮನಿರುವುದು ಕಷ್ಟ, ಕರುಳು ಚುರುಕ್ ಎನ್ನುತ್ತದೆ. ಆದರೂ ಸುಮ್ಮನಿರಿ. ನಿಮ್ಮ ಮಾತಿಗೆ ಆಮೇಲೆ ಬೇರೆಯಾಗಿ ಹತ್ತು ನಿಮಿಷ ಕೊಡಿ ಎಂದು ಡಾಕ್ಟರನ್ನು ಕೇಳಿ. ಅತ್ತೆಯ ಎದುರೇ ಅವರ ತಪ್ಪುಗಳನ್ನು ಒಂದೊಂದಾಗಿ ಹೇಳುವ ಹಾಗಾಗಬಾರದು. ಮೊದಲೇ ಚೀಟಿಯಲ್ಲಿ ಬರೆದು ಒಳಗೆ ಕಳಿಸಿದರೂ ಆಗುತ್ತದೆ. ಕೇಳಿದ್ದಕ್ಕೆ ಯಾವ ಒಳ್ಳೆಯ ಡಾಕ್ಟರೂ ಬೇಸರ ಪಡುವುದಿಲ್ಲ.

ನಿಮ್ಮ ನೋಟ್‌ಬುಕ್ಕಿನಿಂದ ಡಿಮೆನ್ಷಿಯಾ ಎಂದು ಖಚಿತವಾಗುವುದಿಲ್ಲ. ಹುಡುಕಬೇಕು ಎಂದು ಖಚಿತವಾಗುತ್ತದೆ. ಹುಡುಕಿದಾಗ ಎಷ್ಟೋ ಸಲ ಬೇರೆ ಏನೋ ಸಿಗುತ್ತದೆ. ವಿಟಮಿನ್ ಬಿ12 ಕಡಿಮೆ ಇರುವುದು ನಮ್ಮ ಕಡೆ ಸಸ್ಯಾಹಾರಿಗಳಲ್ಲಿ ಸಾಮಾನ್ಯ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡವರಲ್ಲಂತೂ ಇನ್ನೂ ಜಾಸ್ತಿ. ಥೈರಾಯ್ಡ್ ಇರಬಹುದು. ಖಿನ್ನತೆ ಇರಬಹುದು, ಅದು ವಯಸ್ಸಾದವರಲ್ಲಿ ಕೆಲವೊಮ್ಮೆ ಅಳುವಿನ ಬದಲು ಮರೆವಿನ ರೂಪದಲ್ಲಿ ಬರುತ್ತದೆ. ಕಿವಿ ಕೇಳದೆ ‘ಮರೆತರು’ ಅನ್ನಿಸಿಕೊಂಡವರೂ ಇದ್ದಾರೆ. ನಿದ್ದೆ ಮಾತ್ರೆ, ಅಲರ್ಜಿ ಮಾತ್ರೆ, ಪದೇ ಪದೇ ಮೂತ್ರಕ್ಕೆ ಹೋಗುವುದಕ್ಕೆ ಕೊಡುವ ಕೆಲವು ಮಾತ್ರೆ ತಲೆ ಮಂಕು ಮಾಡುತ್ತವೆ. ಆದ್ದರಿಂದ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ಪಕ್ಕದ ಮನೆಯವರು ಹೇಳಿ ತಂದದ್ದನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ. ಇವುಗಳಲ್ಲಿ ಸರಿ ಮಾಡಬಹುದಾದದ್ದು ಬಹಳಷ್ಟಿದೆ.

ಬೇರೆ ಒಂದು ಮಾತು, ನಿಮ್ಮ ಅತ್ತೆಗೆ ಈಗ ಅನ್ವಯಿಸದಿದ್ದರೂ ತಿಳಿದಿರಲಿ. ನಿನ್ನೆ ಮೊನ್ನೆ ತನಕ ಚೆನ್ನಾಗಿದ್ದವರು ಎರಡು ದಿನದಲ್ಲಿ ತೀರಾ ಗೊಂದಲಕ್ಕೆ ಬಿದ್ದರೆ ಪ್ರಶ್ನಾವಳಿ ಹಿಡಿದು ಕೂರಬೇಡಿ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಯುವುದು, ಬಚ್ಚಲಲ್ಲಿ ಬಿದ್ದು ತಲೆಯೊಳಗೆ ನಿಧಾನವಾಗಿ ರಕ್ತ ಸೇರುವುದು ಹೀಗೆ ಮಾಡುತ್ತವೆ. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಎಲ್ಲಿಗೆ ಹೋಗಬೇಕು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಕ್ಲಿನಿಕ್ ಇದೆ. ಅಷ್ಟು ದೂರ ಮೊದಲೇ ಹೋಗಬೇಕು ಅಂತೇನಿಲ್ಲ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಶುರು ಮಾಡಿವೆ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಮಿದುಳು ಆರೋಗ್ಯ ಕ್ಲಿನಿಕ್ ಯಾವ ದಿನ ನಡೆಯುತ್ತದೆ ಎಂದು ವಿಚಾರಿಸಿ. ನರರೋಗ ಅಥವಾ ಮನೋರೋಗ ತಜ್ಞರಾದರೂ ಆಗುತ್ತದೆ. ಅಲ್ಲಿ ಕನ್ನಡದಲ್ಲೇ ವಿವರವಾದ ಪರೀಕ್ಷೆ ಮಾಡಿ ಎಂದು ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮಾಡಿಸಿದ ಪರೀಕ್ಷೆಗಳ ಗುಚ್ಛ ಕನ್ನಡದಲ್ಲೂ ಇದೆ. ಗಣಿತದ ಟೀಚರಿಗೆ ಹತ್ತು ನಿಮಿಷದ ಪರೀಕ್ಷೆ ಸಾಲದು, ಒಂದು ಗಂಟೆಯದ್ದು ಬೇಕು. ಮಾತಾಡಲು ಯಾರಾದರೂ ಬೇಕು ಅನ್ನಿಸಿದರೆ ಹಿರಿಯರ ಸಹಾಯವಾಣಿ 14567 ಇದೆ. ನಿಮ್ಮ ಮನಸ್ಸಿಗೇ ಭಾರವಾದರೆ ಟೆಲಿ ಮಾನಸ್ 14416. ಎರಡಕ್ಕೂ ದುಡ್ಡಿಲ್ಲ.

‘ಗೊತ್ತಾಗಿ ಏನು ಮಾಡೋದು, ವಾಸಿಯಾಗಲ್ಲವಲ್ಲ’ ಎಂದು ಯಜಮಾನರು ಕೇಳಬಹುದು. ಯಾವ ತೊಂದರೆಯೂ ಇಲ್ಲದವರಿಗೆಲ್ಲ ಸುಮ್ನೆ ಪರೀಕ್ಷೆ ಮಾಡುತ್ತಾ ಹೋಗಿ ಎಂದು ನಾನೂ ಹೇಳುವುದಿಲ್ಲ. ಅದರಿಂದ ಒಳ್ಳೆಯದಾಗುತ್ತದೆ ಎನ್ನಲು ಸಾಕಷ್ಟು ಆಧಾರ ಇಲ್ಲ ಎಂದು ಅಮೆರಿಕದ ತಜ್ಞರ ಸಮಿತಿ 2020ರಲ್ಲಿ ಹೇಳಿದೆ. ಆದರೆ ನಿಮ್ಮ ಮನೆಯಲ್ಲಿ ತೊಂದರೆ ಕಣ್ಣಿಗೆ ಕಾಣುತ್ತಿದೆ. ಈಗ ಗೊತ್ತಾದರೆ ಅತ್ತೆ ತಮ್ಮ ಪಿಂಚಣಿ, ಒಡವೆ, ಮನೆಪತ್ರದ ಬಗ್ಗೆ ತಾವೇ ಹೇಳಬಲ್ಲರು. ಮುಂದೆ ಯಾರ ಜೊತೆ ಇರಬೇಕು, ಏನು ಚಿಕಿತ್ಸೆ ಬೇಕು ಎಂದು ತಾವೇ ಹೇಳಬಲ್ಲರು. ಮೂರು ವರ್ಷ ಬಿಟ್ಟರೆ ಅದನ್ನೆಲ್ಲ ಅವರ ಪರವಾಗಿ ನೀವು ಊಹಿಸಬೇಕಾಗುತ್ತದೆ. ಗ್ಯಾಸ್ ಹಚ್ಚಿಟ್ಟು ಮರೆಯುವ ಮೊದಲು ವ್ಯವಸ್ಥೆ ಮಾಡಬಹುದು. ಕೆಲವರಿಗೆ ಡೊನೆಪೆಜಿಲ್‌ನಂಥ ಮಾತ್ರೆಯಿಂದ ಸ್ವಲ್ಪ ಕಾಲ ದಿನಗಳು ಸಲೀಸಾಗುತ್ತವೆ. ಯಜಮಾನರಿಗೆ ಹೀಗೆ ಹೇಳಿ ನೋಡಿ: ‘ಕಾಯಿಲೆ ಇದೆ ಅಂತಲ್ಲ, ಬಿ12, ಥೈರಾಯ್ಡ್ ಒಮ್ಮೆ ನೋಡಿಸೋಣ.’ ಈ ಮಾತಿಗೆ ಇಲ್ಲ ಎಂದ ಮಗನನ್ನು ನಾನು ಇನ್ನೂ ನೋಡಿಲ್ಲ. ಅತ್ತೆಗೂ ಇದೇ ಮಾತು ಹೇಳಬಹುದು, ಅದು ಸುಳ್ಳೂ ಅಲ್ಲ.

ಕೊನೆಗೆ, ಬರುವಾಗ ಒಂದು ವಸ್ತು ತನ್ನಿ. ಗಣಿತದ ಟೀಚರ್ ಅಂದಮೇಲೆ ಮನೆಖರ್ಚಿನ ಡೈರಿ ಬರೆಯುತ್ತಿದ್ದರು ಅಲ್ವಾ? ಹೆಚ್ಚಿನವರು ಬರೆದಿರುತ್ತಾರೆ. ಮೂರು ವರ್ಷದ ಹಿಂದಿನದು ಒಂದು, ಈ ವರ್ಷದ್ದು ಒಂದು, ಎರಡನ್ನೂ ಅವರನ್ನೇ ಕೇಳಿ ತನ್ನಿ. ಮೊತ್ತ ಕೂಡಿದ ಜಾಗದಲ್ಲಿ ತಪ್ಪಿದ ಲೆಕ್ಕ ಇದೆಯಾ, ಒಂದೇ ಹಾಲಿನ ಬಿಲ್ ಎರಡು ಸಲ ಬಿದ್ದಿದೆಯಾ, ಯಾವ ತಿಂಗಳಿಂದ ಪುಟಗಳು ಖಾಲಿ ಉಳಿದಿವೆ ಎಂದು ಡಾಕ್ಟರ ಪಕ್ಕ ಕೂತು ನೋಡಿ. ಅತ್ತೆಯ ಕನ್ನಡಕ ಮತ್ತು ಕಿವಿಯ ಮೆಷಿನ್ ಇದ್ದರೆ ಅದನ್ನು ಮರೆಯದೆ ಹಾಕಿಸಿಕೊಂಡು ಬನ್ನಿ. ಬೆಳಗಿನ ಹೊತ್ತು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ, ಸಂಜೆಗೆ ಅವರು ದಣಿದಿರುತ್ತಾರೆ.